ಕಾರವಾರವನ್ನು ಎಳೆದೊಯ್ದ ಹತ್ತಿಯ ಎಳೆ

‘ಯಾರ್ರೀ ಬಿನ್ನಿ ಮಿಲ್, ಬೇಗ ಇಳೀರಿ’ ಎಂದು ಕಂಡಕ್ಟರು ಈಗಲೂ ಕೂಗುತ್ತಾರೆ, ಜನ ಈಗಲೂ ಇಳಿಯುತ್ತಾರೆ. ಇಳಿದವರ ಕಣ್ಣಿಗೆ ಮಿಲ್ಲು ಮಾತ್ರ ಕಾಣುವುದಿಲ್ಲ. ಅದಿದ್ದ ಜಾಗದಲ್ಲಿ ಮುಗಿಲೆತ್ತರದ ಅಪಾರ್ಟ್‌ಮೆಂಟುಗಳಿವೆ, ಮಾಲ್ ಇದೆ. ಹೆಸರು ಮಾತ್ರ ಬೋರ್ಡುಗಳಲ್ಲಿ, ಆಟೋದವರ ಬಾಯಲ್ಲಿ, ಹಳೆಯ ಮನೆಗಳ ವಿಳಾಸದಲ್ಲಿ ಉಳಿದುಕೊಂಡಿದೆ. ಅಂಥ ಒಂದು ಮಧ್ಯಾಹ್ನ ಬಿನ್ನಿಪೇಟೆಯ ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ. ಅವರ ತಂದೆ ಮಿಲ್ಲಿನ ಬ್ಲೋ ರೂಮಿನಲ್ಲಿದ್ದವರಂತೆ. ಬಿಗಿದು ಬಂದ ಹತ್ತಿಯ ಅಂಡಿಗೆಯನ್ನು ಮೊದಲು ಒಡೆಯುವ, ಅರಳೆಯನ್ನು ಬಿಡಿಬಿಡಿ ಮಾಡಿ ಧೂಳು ಹಾರಿಸುವ ಜಾಗ ಅದು.

‘ಅಪ್ಪ ಮನೆಗೆ ಬಂದ್ರೆ ಹುಬ್ಬೆಲ್ಲ ಬೆಳ್ಳಗೆ ಸಾರ್. ಅಮ್ಮ ಒಳಕ್ಕೆ ಬಿಟ್ಕೊತಿರ್ಲಿಲ್ಲ, ಹೊರಗೇ ಕೊಡವಿ ಬರ್ಬೇಕು’ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಮಾತು ಸೇರಿಸಿದರು: ‘ಹತ್ತಿ ಏನೋ ಬರ್ತಿತ್ತು, ರಾಶಿ ರಾಶಿ. ಈ ಹತ್ತಿ ಕಥೆ ಎಲ್ಲಿಂದ ಶುರುವಾಯ್ತು ಅಂತ ಮಾತ್ರ ನಮಗೆ ಯಾರೂ ಹೇಳ್ಲಿಲ್ಲ ನೋಡಿ.’

ಆ ಒಂದು ಮಾತಿನ ಬೆನ್ನು ಹತ್ತಿ ಹೋದವನು ನಾನು ತಲುಪಿದ್ದೆಲ್ಲಿಗೆ ಗೊತ್ತೇ? ಅಮೆರಿಕದ ಅಂತರ್ಯುದ್ಧಕ್ಕೆ! ಅಲ್ಲಿಂದ ಕಾರವಾರದ ಕಡಲ ದಂಡೆಗೆ, ಅಲ್ಲಿಂದ ಲಂಡನ್ನಿನ ಒಬ್ಬ ಮಂತ್ರಿಯ ಮೇಜಿಗೆ, ಅಲ್ಲಿಂದ ಸೀದಾ ಬಿನ್ನಿಪೇಟೆಯ ಪಕ್ಕದ ಚಾಮರಾಜಪೇಟೆಗೆ. ಎರಡು ವಾರ ಸರಿಯಾಗಿ ನಿದ್ದೆ ಮಾಡಿಲ್ಲ. ಕರ್ನಾಟಕದ ನಕ್ಷೆಯನ್ನು ಈಗ ನೋಡಿದರೆ ಅದರ ಮೇಲೆ ಮೇರಿಲ್ಯಾಂಡಿನ ಹೊಲಗಳು, ವರ್ಜೀನಿಯಾದ ತೊರೆಗಳು ಕಾಣುತ್ತವೆ.

ಮೊದಲು ಬಿನ್ನಿಯ ಹೆಸರಿನ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಹದಿನೆಂಟನೆಯ ಶತಮಾನದ ಕೊನೆಗೆ ಮದ್ರಾಸಿಗೆ ಬಂದ ಜಾನ್ ಬಿನ್ನಿ ಎಂಬಾತನ ಮನೆತನದ ವ್ಯಾಪಾರಿ ಸಂಸ್ಥೆ ಅದು. 1876ರಲ್ಲಿ ಮದ್ರಾಸಿನಲ್ಲಿ ಬಕಿಂಗ್‌ಹ್ಯಾಮ್ ಮಿಲ್ಲು, ಅದರ ಹಿಂದೆಯೇ ಕರ್ನಾಟಿಕ್ ಮಿಲ್ಲು. ಬೆಂಗಳೂರಿನಲ್ಲಿ 1884ರಲ್ಲಿ ಹುಟ್ಟಿದ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯ ಆಡಳಿತವನ್ನು ಎರಡು ವರ್ಷದಲ್ಲಿ ಬಿನ್ನಿ ಕಂಪನಿ ವಹಿಸಿಕೊಂಡಿತು. ಬಿನ್ನಿ ಖಾಕಿ ದೇಶದ ಪೊಲೀಸರ ಮೈಮೇಲೆ ಏರಿತು, ಸುತ್ತ ಕಾರ್ಮಿಕರ ಮನೆಗಳೆದ್ದವು, ಪೇಟೆಯಾಯಿತು. ಇಷ್ಟು ಎಲ್ಲರಿಗೂ ಗೊತ್ತು. ನನ್ನನ್ನು ಬೆರಗುಗೊಳಿಸಿದ್ದು ಇದಕ್ಕೂ ಇಪ್ಪತ್ತು ವರ್ಷ ಹಿಂದಿನ ಸಂಗತಿ.

1861ರ ಏಪ್ರಿಲ್ 12. ಅಮೆರಿಕದ ದಕ್ಷಿಣದ ರಾಜ್ಯಗಳ ಫಿರಂಗಿಗಳು ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿದವು. ಅದೇ ತಿಂಗಳ 23ರಂದು, ಇಪ್ಪತ್ತೇಳು ವರ್ಷ ಮೈಸೂರನ್ನಾಳಿ ನಿವೃತ್ತನಾಗಿ ಊರಿಗೆ ಹೊರಟಿದ್ದ ಮಾರ್ಕ್ ಕಬ್ಬನ್ ಸೂಯೆಜ್‌ನಲ್ಲಿ ತೀರಿಕೊಂಡ. ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್! ಎರಡು ಸುದ್ದಿಗಳಿಗೆ ಸಂಬಂಧವಿಲ್ಲ ಎಂದು ಮೊದಲ ಓದಿಗೆ ಅನ್ನಿಸಿತ್ತು. ಓದುತ್ತ ಹೋದಂತೆ ನನ್ನ ಎಣಿಕೆ ತಪ್ಪಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಆಗ ಜಗತ್ತಿನ ಬಟ್ಟೆಯನ್ನು ನೇಯುತ್ತಿದ್ದುದು ಇಂಗ್ಲೆಂಡಿನ ಲಂಕಾಷೈರ್. ಅದರ ಮಗ್ಗಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಹತ್ತಿರ ಹತ್ತಿರ ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣದ್ದು, ಗುಲಾಮರ ಬೆವರಿನದು. ಯುದ್ಧ ಶುರುವಾದದ್ದೇ ತಡ, ಲಿಂಕನ್ನನ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಗಿರಣಿಗಳು ನಿಂತವು, ಲಕ್ಷಾಂತರ ಜನರ ಒಲೆ ಆರಿತು. ಲಿವರ್‌ಪೂಲಿನಲ್ಲಿ ಪೌಂಡಿಗೆ ಆರೇಳು ಪೆನ್ಸ್ ಇದ್ದ ಹತ್ತಿಯ ಬೆಲೆ ಮೂರೇ ವರ್ಷದಲ್ಲಿ ನಾಲ್ಕು ಪಟ್ಟಿಗೇರಿತು. ಹತ್ತಿ ಎಲ್ಲಿದೆ, ಇನ್ನೆಲ್ಲಿ ಹತ್ತಿ ಇದೆ ಎಂದು ಮ್ಯಾಂಚೆಸ್ಟರಿನ ಧಣಿಗಳು ಭೂಗೋಳ ತಿರುಗಿಸಿ ಹುಡುಕಿದರು. ಅವರ ಬೆರಳು ನಿಂತ ಜಾಗಗಳಲ್ಲಿ ಒಂದು ನಮ್ಮ ಧಾರವಾಡ!

ಧಾರವಾಡವೇ ಯಾಕೆ? ಅಲ್ಲಿನ ಎರೆ ಹೊಲಗಳಲ್ಲಿ ಅಮೆರಿಕದ ಹತ್ತಿ ಆಗಲೇ ಬೇರೂರಿತ್ತು. 1840ರ ಸುಮಾರಿಗೆ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಇಂಡಿಯಾಕ್ಕೆ ಕರೆಸಿತ್ತು. ಉಳಿದ ಕಡೆ ಅವರ ಪ್ರಯೋಗಗಳು ನೆಲಕಚ್ಚಿದವು. ಧಾರವಾಡದಲ್ಲಿ ಮಾತ್ರ, ಕಲೆಕ್ಟರ್ ಶಾ ಎಂಬಾತನ ಹಟದಿಂದಲೂ ನಮ್ಮ ರೈತರ ಕೈಗುಣದಿಂದಲೂ ನ್ಯೂ ಆರ್ಲಿಯನ್ಸ್‌ನ ಬೀಜ ಚಿಗುರಿತು. ರೈತರು ಅದನ್ನು ವಿಲಾಯತಿ ಹತ್ತಿ ಎಂದರು. ಲಿವರ್‌ಪೂಲಿನ ಪೇಟೆಯಲ್ಲಿ ಅದರ ಹೆಸರು ‘ಧಾರವಾರ್ ಅಮೆರಿಕನ್’. ನಮ್ಮ ಜವಾರಿ ಹತ್ತಿಗೆ ಅದೇ ಪೇಟೆಯಲ್ಲಿ ‘ಕುಮಟಾ’ ಎಂದು ಹೆಸರು, ಕುಮಟೆಯ ಬಂದರಿನಿಂದ ಹೋಗುತ್ತಿದ್ದುದರಿಂದ. ನಮ್ಮ ಎರಡು ಊರುಗಳು ಲಿವರ್‌ಪೂಲಿನ ದಲಾಲರ ನಾಲಗೆಯ ಮೇಲೆ!

ಈ ಎರಡು ಹತ್ತಿಗಳ ವ್ಯತ್ಯಾಸವನ್ನು ಕೈಯಲ್ಲೇ ತಿಳಿಯಬಹುದು. ಜವಾರಿ ಹತ್ತಿಯ ಕಾಳು ಅರಳೆಯನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯಿಟ್ಟು ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಹೆಂಗಸರು ಕಾಳು ಬಿಡಿಸುತ್ತಿದ್ದರು. ವಿಲಾಯತಿ ಹತ್ತಿಯ ಕಾಳಿಗೆ ಮೈತುಂಬ ನವಿರಾದ ರೋಮ, ಅರಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅದಕ್ಕೆ ಗರಗಸದ ಹಲ್ಲಿನ ಜಿನ್ ಯಂತ್ರವೇ ಬೇಕು. ಹಾಗಾಗಿ ಧಾರವಾಡದಲ್ಲಿ ಆ ಯಂತ್ರಗಳ ಕಾರ್ಖಾನೆಯೇ ತೆರೆಯಿತು. ಇಂಡಿಯಾದಲ್ಲಿ ಗರಗಸದ ಜಿನ್ ಭದ್ರವಾಗಿ ನೆಲೆಯೂರಿದ್ದು ಅಲ್ಲೇ.

ಹತ್ತಿಯೇನೋ ಇತ್ತು. ಅದನ್ನು ಹಡಗಿಗೆ ಹೇರುವುದು ಎಲ್ಲಿ? ಹುಬ್ಬಳ್ಳಿಯ ಅಂಡಿಗೆ ಎತ್ತಿನ ಗಾಡಿಯಲ್ಲಿ, ಹೇರೆತ್ತಿನ ಬೆನ್ನ ಮೇಲೆ ಸಹ್ಯಾದ್ರಿಯ ಘಟ್ಟವಿಳಿದು ಕುಮಟೆಗೆ ಬರಬೇಕು, ಅಲ್ಲಿಂದ ದೋಣಿಯೇರಿ ಮುಂಬಯಿಗೆ ಹೋಗಬೇಕು. ದಾರಿಯುದ್ದಕ್ಕೂ ಧೂಳು, ಮಳೆ, ಕಳವು. ಘಟ್ಟದ ಕೆಳಗೆ ದೊಡ್ಡ ಹಡಗು ನಿಲ್ಲುವಂಥ ಸಹಜ ಬಂದರು ಇದ್ದದ್ದು ಕಾಳಿ ನದಿಯ ಬಾಯಲ್ಲಿ, ಸದಾಶಿವಗಡದ ಮಗ್ಗುಲ ಕಾರವಾರದಲ್ಲಿ. ಆದರೆ ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ. ಧಾರವಾಡದ ಹತ್ತಿಗಾಗಿ ಮದ್ರಾಸಿನವರು ಯಾಕೆ ರಸ್ತೆ ಮಾಡಿಯಾರು, ಯಾಕೆ ಧಕ್ಕೆ ಕಟ್ಟಿಯಾರು?

ಇಲ್ಲಿಗೆ ಬಂದಾಗ ನಾನು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟು ಎರಡು ನಕ್ಷೆಗಳನ್ನು ನೆಲದ ಮೇಲೆ ಹಾಸಿಕೊಂಡೆ. ಒಂದು 1860ಕ್ಕೂ ಹಿಂದಿನದು, ಇನ್ನೊಂದು ಅದರ ನಂತರದ್ದು. ಹಿಂದಿನ ನಕ್ಷೆಯಲ್ಲಿ ಕರಾವಳಿ ಒಂದೇ ಜಿಲ್ಲೆ: ಕೆನರಾ. ಕಾರವಾರದಿಂದ ಕಾಸರಗೋಡಿನವರೆಗೆ! 1799ರಲ್ಲಿ ಟಿಪ್ಪು ಬಿದ್ದ ಮೇಲೆ ಥಾಮಸ್ ಮನ್ರೋ ಮೊದಲ ಕಲೆಕ್ಟರಾಗಿ ಕಂದಾಯ ಕಟ್ಟಿಸಿದ ಜಿಲ್ಲೆ. ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡು, ಎಲ್ಲದಕ್ಕೂ ಒಂದೇ ಕಚೇರಿ ಮಂಗಳೂರಿನಲ್ಲಿ. 1860ರ ಹೊತ್ತಿಗೆ ಅದು ಉತ್ತರ, ದಕ್ಷಿಣ ಎಂದು ಎರಡಾಯಿತು, ಎರಡೂ ಮದ್ರಾಸಿನಲ್ಲೇ ಉಳಿದವು. 1862ರಲ್ಲಿ, ಅಮೆರಿಕದಲ್ಲಿ ಯುದ್ಧ ಧಗಧಗಿಸುತ್ತಿದ್ದಾಗ, ಕುಂದಾಪುರವನ್ನು ದಕ್ಷಿಣಕ್ಕೆ ಬಿಟ್ಟುಕೊಟ್ಟು ಉಳಿದ ಉತ್ತರ ಕನ್ನಡವನ್ನಷ್ಟೂ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಅಂಟಿಸಲಾಯಿತು. ಕಾರವಾರದ ಬಂದರು, ಅರಬೈಲು ಘಟ್ಟದ ರಸ್ತೆ, ಹುಬ್ಬಳ್ಳಿಯ ಹತ್ತಿ, ಮೂರೂ ಒಂದೇ ಸರ್ಕಾರದ ಕೈಗೆ ಬರಲಿ ಎಂದು!

ಹತ್ತಿಗಾಗಿ ಒಂದು ಜಿಲ್ಲೆ! ರಾಜರು ಕಾದಾಡಿ ಗೆದ್ದ ಗಡಿಯಲ್ಲ ಇದು, ಇಲ್ಲಿ ಒಂದು ಗುಂಡೂ ಹಾರಲಿಲ್ಲ. ಮಂಗಳೂರಿನಿಂದ ಬಸ್ಸಿನಲ್ಲಿ ಉತ್ತರಕ್ಕೆ ಹೊರಟರೆ ಬೈಂದೂರು ದಾಟಿ ಶಿರೂರಿನ ಹತ್ತಿರ ಜಿಲ್ಲೆಯ ಬೋರ್ಡು ಬರುತ್ತದೆ, ಅಲ್ಲಿಂದ ಮುಂದೆ ಭಟ್ಕಳ. ಎಷ್ಟು ಸಲ ಆ ಬೋರ್ಡು ದಾಟಿ ಹೋಗಿದ್ದೇನೆ, ಎಷ್ಟು ಸಲ! 1862ರಿಂದ 1956ರವರೆಗೆ 94 ವರ್ಷ ಅದು ಎರಡು ಪ್ರಾಂತ್ಯಗಳ ಗಡಿ. ಅದೇ ಕಡಲು, ಅದೇ ಮೀನು, ಅದೇ ಕನ್ನಡ, ಮೇಲಿನ ಸರ್ಕಾರ ಬೇರೆ. ಕೋಟದ ಶಿವರಾಮ ಕಾರಂತರು ಮದ್ರಾಸಿನ ಪ್ರಜೆ, ಅಂಕೋಲೆಯ ದಿನಕರ ದೇಸಾಯಿಯವರು ಮುಂಬಯಿಯ ಪ್ರಜೆ!

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕಾರವಾರಕ್ಕಾಗಿ ಮ್ಯಾಂಚೆಸ್ಟರಿನವರ ಒತ್ತಾಯ ಯುದ್ಧಕ್ಕೂ ಮೊದಲೇ ಶುರುವಾಗಿತ್ತು. ಅಮೆರಿಕವನ್ನೇ ನೆಚ್ಚಿ ಕೂರುವುದು ಅಪಾಯವೆಂದು 1857ರಲ್ಲೇ ಅವರು ಹತ್ತಿಗಾಗಿ ಸಂಘ ಕಟ್ಟಿಕೊಂಡಿದ್ದರು. ಆದರೆ ಸರ್ಕಾರದ ಕಡತ ಹೇಗೆ ನಡೆಯುತ್ತದೆಂದು ನಮಗೆ ಗೊತ್ತಿಲ್ಲವೇ? ದಿಗ್ಬಂಧನದ ಬಿಸಿ ತಾಗಿದ ಮೇಲೆ ಕಡತಕ್ಕೆ ಕಾಲು ಬಂತು. ಆತುರ ಎಷ್ಟಿತ್ತೆಂದರೆ, ಮ್ಯಾಂಚೆಸ್ಟರಿನ ಕಂಪನಿಯೊಂದು ಅಂಡಿಗೆ ಒತ್ತುವ ಭಾರೀ ಯಂತ್ರಗಳನ್ನು ಹಡಗಿಗೆ ಹೇರಿ ಸದಾಶಿವಗಡಕ್ಕೆ ಕಳಿಸಿಯೇಬಿಟ್ಟಿತು. ಇಳಿಸಲು ಧಕ್ಕೆಯಿಲ್ಲ, ಘಟ್ಟ ಹತ್ತಿಸಲು ರಸ್ತೆಯಿಲ್ಲ! ಲಂಕಾಷೈರಿನ ಉಕ್ಕು ಕಾರವಾರದ ಮರಳಿನ ಮೇಲೆ, ಉಪ್ಪುಗಾಳಿಗೆ ಮೈಯೊಡ್ಡಿ ನಿಂತಿದ್ದನ್ನು ಕಣ್ಣಿಗೆ ತಂದುಕೊಂಡರೆ ಮೈ ಜುಮ್ಮೆನ್ನುತ್ತದೆ. ಸುತ್ತ ನಿಂತ ಮೀನುಗಾರರು ಅದನ್ನು ಏನೆಂದುಕೊಂಡರೋ!

ಈಗ ನನ್ನ ನಿದ್ದೆ ಕೆಡಿಸಿದ ಪ್ರಶ್ನೆ. ಆ ಯುದ್ಧ ಬೇರೆ ಥರ ಮುಗಿದಿದ್ದರೆ?

ಅಮೆರಿಕದಲ್ಲಿ ಈ ಪ್ರಶ್ನೆಯ ಮೇಲೆ ಕಪಾಟುಗಟ್ಟಲೆ ಕಾದಂಬರಿಗಳಿವೆ. ವಿನ್‌ಸ್ಟನ್ ಚರ್ಚಿಲ್ ಕೂಡ 1930ರಲ್ಲಿ, ದಕ್ಷಿಣ ಗೆದ್ದ ಲೋಕದಲ್ಲಿ ಕೂತು ಬರೆದಂತೆ ಒಂದು ಪ್ರಬಂಧ ಬರೆದ. ದಕ್ಷಿಣ ಗೆದ್ದಿದ್ದರೆ ವಾಷಿಂಗ್ಟನ್ ಏನಾಗುತ್ತಿತ್ತು, ಲಂಡನ್ ಏನಾಗುತ್ತಿತ್ತು ಎಂದೆಲ್ಲ ಬರೆದಿದ್ದಾರೆ. ನಾನು ಓದಿದ ಯಾವುದರಲ್ಲೂ ಕಾರವಾರದ ಹೆಸರಿಲ್ಲ. ಆ ಕೆಲಸ ನಾವೇ ಮಾಡಬೇಕು!

ಹುಡುಕುತ್ತ ಹೋದಾಗ ಕವಲುದಾರಿ ಒಂದಲ್ಲ, ಎರಡು ಸಿಕ್ಕಿದವು. ಮೊದಲನೆಯದು 1861ರ ಜುಲೈ 21. ವಾಷಿಂಗ್ಟನ್ನಿನಿಂದ ಒಂದು ದಿನದ ನಡಿಗೆಯಷ್ಟು ದೂರ, ಬುಲ್ ರನ್ ಎಂಬ ಸಣ್ಣ ತೊರೆಯ ದಡದಲ್ಲಿ ಲಿಂಕನ್ನನ ಸೈನ್ಯ ದಿಕ್ಕಾಪಾಲಾಗಿ ಓಡಿತು. ಗೆದ್ದ ದಕ್ಷಿಣದವರೂ ಸುಸ್ತಾಗಿ ಕೂತರು, ಬೆನ್ನಟ್ಟಲಿಲ್ಲ. ಬೆನ್ನಟ್ಟಿ ಅಂದೇ ರಾಜಧಾನಿಯನ್ನು ಬಾಗಿಸಿದ್ದರೆ, ಆ ಚಳಿಗಾಲದೊಳಗೆ ಸಂಧಾನವಾಗಿದ್ದರೆ ದಿಗ್ಬಂಧನ ಎದ್ದುಹೋಗುತ್ತಿತ್ತು, ನ್ಯೂ ಆರ್ಲಿಯನ್ಸಿನ ಹತ್ತಿ ಮತ್ತೆ ಲಿವರ್‌ಪೂಲಿಗೆ ಹರಿಯುತ್ತಿತ್ತು, ಕಾರವಾರದ ಕಡತ ಮತ್ತೆ ಕಪಾಟು ಸೇರುತ್ತಿತ್ತು. ಕಾರವಾರ ಮದ್ರಾಸಿನಲ್ಲೇ ಉಳಿಯುತ್ತಿತ್ತು!

ಉಳಿದಿದ್ದರೆ? 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಮಹಾರಾಷ್ಟ್ರದ ಪರವಾದವರು ಬೆಳಗಾವಿ, ನಿಪ್ಪಾಣಿಗಳ ಜೊತೆಗೆ ಕಾರವಾರವನ್ನೂ ಕೇಳಿದರು. ಆ ಘೋಷಣೆ ಇಂದಿಗೂ ಗಡಿಯ ಗೋಡೆಗಳ ಮೇಲಿದೆ. ಮಹಾಜನ ಆಯೋಗ 1967ರಲ್ಲಿ ಕಾರವಾರವನ್ನು ಕೊಡಲು ಒಪ್ಪಲಿಲ್ಲ, ಆದರೂ ಕೇಳುವುದು ನಿಂತಿಲ್ಲ. ಅಲ್ಲಿನ ಮನೆಮಾತು ಕೊಂಕಣಿ ಎಂಬುದು ಆ ಬೇಡಿಕೆಯ ಒಂದು ಕಾಲು, ಮುಂಬಯಿ ಪ್ರಾಂತ್ಯದಲ್ಲಿತ್ತು ಎಂಬುದು ಇನ್ನೊಂದು ಕಾಲು. ಮಂಗಳೂರಿನ ಮನೆಗಳಲ್ಲೂ ಬೇಕಾದಷ್ಟು ಕೊಂಕಣಿ ಇದೆ. ಮಂಗಳೂರನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದು ಯಾರೂ ಗೋಡೆಯ ಮೇಲೆ ಬರೆದಿಲ್ಲವಲ್ಲ! ಕಾರವಾರ ಮದ್ರಾಸಿನಲ್ಲೇ ಇದ್ದಿದ್ದರೆ ಆ ಘೋಷಣೆಯಲ್ಲಿ ಅದರ ಹೆಸರೇ ಇರುತ್ತಿರಲಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನೂ ಒಂದು ಯೋಚನೆ. ಪ್ರಾಂತ್ಯದ ರಾಜಧಾನಿ ಎಲ್ಲಿದೆಯೋ ಓದುವ ಹುಡುಗರು, ಕೆಲಸ ಹುಡುಕುವವರು ಆ ಕಡೆ ಮುಖ ಮಾಡುತ್ತಾರೆ. ಉತ್ತರ ಕನ್ನಡದ ತಲೆಮಾರುಗಳು ಮುಂಬಯಿಗೆ ಹೋದವು. ಉಡುಪಿಯವರೂ ಹೋದರು, ನಿಜ, ಹೋಟೆಲು ಕಟ್ಟಿದರು. ಆದರೆ ಭಟ್ಕಳದಿಂದಾಚೆಗೆ ಪರೀಕ್ಷೆ, ಪದವಿ, ಸರ್ಕಾರಿ ನೌಕರಿ ಎಲ್ಲದರ ದಾರಿಯೂ ಮುಂಬಯಿಯೇ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬದುಕು ಕಳೆದರು, 1979ರಲ್ಲಿ ಅವರ ಮುಂಬಯಿಯ ಕಾದಂಬರಿ ‘ಶಿಕಾರಿ’ ಬಂತು. ಕಾರವಾರ ಮದ್ರಾಸಿನಲ್ಲಿದ್ದಿದ್ದರೆ ಆ ಹುಡುಗ ಮದ್ರಾಸಿನ ರೈಲು ಹತ್ತುತ್ತಿದ್ದನೇ? ಕನ್ನಡಕ್ಕೆ ಆ ಮುಂಬಯಿ ಸಿಗುತ್ತಿತ್ತೇ?

ಎರಡನೆಯ ಕವಲು ಇನ್ನೂ ವಿಚಿತ್ರ. 1862ರ ಸೆಪ್ಟೆಂಬರ್ 13, ಮೇರಿಲ್ಯಾಂಡಿನ ಫ್ರೆಡರಿಕ್ ಊರಿನ ಹೊಲ. ಉತ್ತರದ ಸಿಪಾಯಿಯೊಬ್ಬ ಹುಲ್ಲಿನಲ್ಲಿ ಬಿದ್ದಿದ್ದ ಪೊಟ್ಟಣವೊಂದನ್ನು ಎತ್ತಿಕೊಂಡ. ಒಳಗೆ ಮೂರು ಚುಟ್ಟಾ. ಸುತ್ತಿದ್ದ ಕಾಗದ ದಕ್ಷಿಣದ ಸೇನಾಪತಿ ಲೀಯ ರಹಸ್ಯ ಆಜ್ಞೆ, ಸೈನ್ಯ ಎಲ್ಲೆಲ್ಲಿ ಒಡೆದುಹೋಗಿದೆ ಎಂಬ ವಿವರ! ಆ ಕಾಗದದ ಬಲದಿಂದ ನಾಲ್ಕು ದಿನಗಳ ಮೇಲೆ ಆಂಟೀಟಮ್‌ನಲ್ಲಿ ಲೀಯನ್ನು ತಡೆದರು. ಆ ತಡೆಯ ಧೈರ್ಯದಿಂದ ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ, ಅದು 1863ರ ಜನವರಿ 1ರಂದು ಜಾರಿಗೆ ಬಂತು. ದಕ್ಷಿಣಕ್ಕೆ ಮಾನ್ಯತೆ ಕೊಟ್ಟು ರಾಜಿ ಮಾಡಿಸಲು ತುದಿಗಾಲಲ್ಲಿದ್ದ ಬ್ರಿಟನ್ನಿನ ಮಂತ್ರಿಮಂಡಲ ಹಿಂದೆ ಸರಿಯಿತು. ಆ ಪೊಟ್ಟಣ ಹುಲ್ಲಿನಲ್ಲೇ ಕೊಳೆತಿದ್ದರೆ ಯುದ್ಧ ಆ ವರ್ಷವೇ ಮುಗಿಯುತ್ತಿತ್ತೋ ಏನೋ, ಧಾರವಾಡದ ಹತ್ತಿಯ ಸುಗ್ಗಿ ಹೂವಿನಲ್ಲೇ ಉದುರುತ್ತಿತ್ತೋ ಏನೋ.

ಉದುರಲಿಲ್ಲ. ಮುಂದಿನ ಮೂರು ವರ್ಷ ಮುಂಬಯಿ ಪ್ರಾಂತ್ಯದಲ್ಲಿ ಬೆಳ್ಳಿಯ ಮಳೆ. ಗಾಡಿಯ ಗಾಲಿಗೆ ರೈತರು ಬೆಳ್ಳಿಯ ಪಟ್ಟಿ ಹೊಡೆಸುತ್ತಿದ್ದಾರೆ ಎಂಬ ಮಾತು ಊರೂರಿಗೆ ಹಬ್ಬಿತು. ದುರಾಸೆಯೂ ಹಬ್ಬಿತು; ಅರಳೆಯಲ್ಲಿ ಕಲಬೆರಕೆ ಎಷ್ಟಾಯಿತೆಂದರೆ 1863ರಲ್ಲಿ ಅದಕ್ಕೆಂದೇ ಕಾನೂನು ಬಂತು. ಮುಂಬಯಿಯಲ್ಲಿ ಕಡಲನ್ನೇ ಒತ್ತರಿಸಿ ನೆಲ ಮಾಡುವ ಕಂಪನಿಗಳ ಷೇರು ಮುಗಿಲಿಗೇರಿತು. 1865ರ ಏಪ್ರಿಲ್‌ನಲ್ಲಿ ಲೀ ಶರಣಾದ ಸುದ್ದಿ ಬಂದದ್ದೇ, ಎಲ್ಲ ಕುಸಿಯಿತು. ಎರೆ ಹೊಲದ ರೈತರು ಏರಿದ ಬೆಲೆ ನಂಬಿ ಮಾಡಿದ ಸಾಲ ಉಳಿಯಿತು. ಹನ್ನೊಂದು ವರ್ಷದ ಮೇಲೆ ಬಂದ 1876ರ ಬರದಲ್ಲಿ ಆ ಸೀಮೆಯ ಕಣಗಳು ಬರಿದಾಗಿದ್ದವು. ಅದೇ ಬರದಲ್ಲಿ ನಮ್ಮ ಮೈಸೂರು ಸೀಮೆಯೂ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಹತ್ತಿಯ ಹಾಡಿನೊಳಗೆ ಈ ಅಳುವೂ ಇದೆ, ಅದನ್ನು ಬಿಟ್ಟು ಬರೆಯಲು ನನಗೆ ಮನಸ್ಸಾಗದು.

ಕಬ್ಬನ್ನನ ಕಡೆಗೆ, ಅವನು ಆಳಿದ ಮೈಸೂರಿನ ಕಡೆಗೆ ಹಿಂತಿರುಗುತ್ತೇನೆ, ಏಕೆಂದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಇದೇ. ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದ ಕಾಲದಲ್ಲಿ ಲಂಡನ್ನಿನಲ್ಲಿ ಇಂಡಿಯಾದ ಮಂತ್ರಿಯಾಗಿದ್ದವನು ಚಾರ್ಲ್ಸ್ ವುಡ್, 1859ರಿಂದ 1866ರವರೆಗೆ. ಅದೇ ವರ್ಷಗಳಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಪತ್ರದ ಮೇಲೆ ಪತ್ರ ಬರೆಯುತ್ತಿದ್ದರು: 1831ರಲ್ಲಿ ಕಸಿದುಕೊಂಡು ಕಬ್ಬನ್ನನಂಥವರ ಕೈಗಿಟ್ಟ ನನ್ನ ರಾಜ್ಯ ಹಿಂದಿರುಗಿಸಿ, ನನ್ನ ದತ್ತುಪುತ್ರನನ್ನು ಒಪ್ಪಿಕೊಳ್ಳಿ. ಕಲ್ಕತ್ತ ಒಲ್ಲೆನೆಂದಿತು, ವುಡ್ ಕೂಡ ಒಲ್ಲೆನೆಂದ. ಕಾರವಾರದ ಕಡತ, ಮೈಸೂರಿನ ಕಡತ, ಎರಡೂ ಒಂದೇ ಮೇಜಿನ ಮೇಲೆ! ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ. ಮುಮ್ಮಡಿಯವರು ಬಿಡಲಿಲ್ಲ. 1865ರ ಜೂನ್‌ನಲ್ಲಿ ಎಳೆಯ ಚಾಮರಾಜೇಂದ್ರರನ್ನು ದತ್ತು ಪಡೆದೇಬಿಟ್ಟರು. ಅದೇ ಅಕ್ಟೋಬರ್‌ನಲ್ಲಿ ಪ್ರಧಾನಿ ಪಾಮರ್‌ಸ್ಟನ್ ತೀರಿಕೊಂಡ, 1866ರಲ್ಲಿ ಅವನ ಪಕ್ಷದ ಸರ್ಕಾರ ಬಿತ್ತು, ಹೊಸ ಮಂತ್ರಿಗಳು ಬಂದರು, 1867ರಲ್ಲಿ ದತ್ತಕಕ್ಕೆ ಒಪ್ಪಿಗೆ ಸಿಕ್ಕಿತು. ಮರುವರ್ಷದ ಮಾರ್ಚಿನಲ್ಲಿ ಮುಮ್ಮಡಿಯವರು ಕಣ್ಣು ಮುಚ್ಚಿದರು. ಎಷ್ಟು ಕೂದಲೆಳೆಯ ಅಂತರ ನೋಡಿ!

1862ರ ಶರತ್ಕಾಲದಲ್ಲಿ ಇದೇ ಪಾಮರ್‌ಸ್ಟನ್ನನ ಮಂತ್ರಿಮಂಡಲ ದಕ್ಷಿಣವನ್ನು ಮಾನ್ಯ ಮಾಡಿ ಲಿಂಕನ್ನನೊಡನೆ ಯುದ್ಧಕ್ಕಿಳಿದಿದ್ದರೆ? ಸೋತಿದ್ದರೆ ಆ ಸರ್ಕಾರ ಮೊದಲೇ ಬೀಳುತ್ತಿತ್ತು, ಮುಮ್ಮಡಿಯವರಿಗೆ ಒಪ್ಪಿಗೆ ಮೊದಲೇ ಬರುತ್ತಿತ್ತು. ಗೆದ್ದು ಬೀಗಿದ್ದರೆ ಇನ್ನೂ ಹತ್ತು ವರ್ಷ ಅದೇ ಕೂಟ ಕುರ್ಚಿಯಲ್ಲಿರುತ್ತಿತ್ತು. 1868ರಲ್ಲಿ ಮುಮ್ಮಡಿಯವರು ಹೋದದ್ದೇ ಮೈಸೂರನ್ನು ನುಂಗಿ ಮದ್ರಾಸಿಗೆ ಸೇರಿಸಿಬಿಡುತ್ತಿದ್ದರು. ಆಗ 1881ರಲ್ಲಿ ರಾಜ್ಯ ಮರಳುವುದೆಲ್ಲಿ? ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ ಯಾವ ಸಂಸ್ಥಾನಕ್ಕೆ ದಿವಾನರು? ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿ, ಮೈಸೂರು ವಿಶ್ವವಿದ್ಯಾಲಯ? ಬೆಂಗಳೂರು ಮದ್ರಾಸಿನ ತಂಪಾದ ಒಂದು ದಂಡಿನ ಊರು. 1892ರಲ್ಲಿ ಆ ದತ್ತುಪುತ್ರ ಚಾಮರಾಜೇಂದ್ರರ ಹೆಸರಿಟ್ಟ ಚಾಮರಾಜಪೇಟೆ ಇರುತ್ತಿರಲಿಲ್ಲ. ಆ ಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು, 1915ರಲ್ಲಿ ಹರಿದು ಹಂಚಿಹೋದ ಕನ್ನಡಿಗರೆಲ್ಲ ಕೂಡಿ ಕಟ್ಟಿದ ಆ ಮನೆ, ಎಲ್ಲಿ ಏಳುತ್ತಿತ್ತು?

ಈ ಯೋಚನೆ ತಲೆಗೆ ಹೊಕ್ಕ ಸಂಜೆ ಬಿನ್ನಿಪೇಟೆಯಿಂದ ಪರಿಷತ್ತಿನವರೆಗೆ ನಡೆದೇ ಹೋದೆ. ದಾರಿಯುದ್ದಕ್ಕೂ ವಾಹನಗಳ ಹಾರನ್ನು, ಹೂವಿನವರ ಕೂಗು, ಯಾವುದೂ ಕಿವಿಗೆ ಬೀಳಲಿಲ್ಲ.

ಆದರೆ ಒಂದು ಮಾತನ್ನು ಎದೆಮುಟ್ಟಿ ಹೇಳಬೇಕು. ಕಾರವಾರ ಉಳಿಯುತ್ತಿತ್ತು ಎಂಬ ಆಸೆಗಾದರೂ ದಕ್ಷಿಣ ಗೆಲ್ಲಬೇಕಿತ್ತು ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಆ ಗೆಲುವಿನ ಕೆಳಗೆ ಸುಮಾರು 40 ಲಕ್ಷ ಜನ ಗುಲಾಮರಾಗಿಯೇ ಉಳಿಯುತ್ತಿದ್ದರು. ಹತ್ತಿಯಿಲ್ಲದೆ ಗಿರಣಿ ಮುಚ್ಚಿ ಹಸಿದಿದ್ದ ಮ್ಯಾಂಚೆಸ್ಟರಿನ ಕೂಲಿಗಳೇ 1862ರ ಡಿಸೆಂಬರ್ 31ರಂದು ಸಭೆ ಸೇರಿ, ನಮಗೆ ಹಸಿವಾದರೂ ಸರಿ ಗುಲಾಮಗಿರಿ ಹೋಗಲಿ ಎಂದು ಲಿಂಕನ್ನನ ಬೆನ್ನಿಗೆ ನಿಂತು ಪತ್ರ ಬರೆದರು. ಲಿಂಕನ್ ಅವರಿಗೆ ಉತ್ತರ ಬರೆದ. ಗಿರಣಿಯ ನೂಲು ತೆಗೆಯುವ ಕೈಗಳು ಹಾಗೆ ಬರೆದವು! ಹನ್ನೊಂದು ವರ್ಷ ಕಳೆದು, 1873ರಲ್ಲಿ, ಅದೇ ಮುಂಬಯಿ ಪ್ರಾಂತ್ಯದ ಪುಣೆಯಲ್ಲಿ ಜ್ಯೋತಿಬಾ ಫುಲೆ ‘ಗುಲಾಮಗಿರಿ’ ಬರೆದರು. ಅದನ್ನು ಅರ್ಪಿಸಿದ್ದು ಯಾರಿಗೆ? ಗುಲಾಮರನ್ನು ಬಿಡಿಸಿದ ಅಮೆರಿಕದ ಸಜ್ಜನರಿಗೆ, ನಮ್ಮ ದೇಶದ ಜನರೂ ಆ ದಾರಿಯಲ್ಲಿ ನಡೆಯಲಿ ಎಂಬ ಹಾರೈಕೆಯೊಡನೆ! ಬೇರೆ ದಾರಿಯಲ್ಲಿ ಆ ಅರ್ಪಣೆಯ ಪುಟವೇ ಖಾಲಿ. ಆ ಖಾಲಿ ಪುಟದೆದುರು ಒಂದು ಜಿಲ್ಲೆಯ ಗಡಿ ಯಾವ ಲೆಕ್ಕ?

ಕಾರವಾರದ ಬಂದರಿಗೆ ಕೊನೆಗೂ ಹತ್ತಿ ದಕ್ಕಲಿಲ್ಲ. 1888ರ ಹೊತ್ತಿಗೆ ಗೋವೆಯ ಮುರಗಾಂವಿಗೆ ರೈಲು ಬಂತು, ಧಾರವಾಡದ ಅಂಡಿಗೆಗಳು ಆ ಕಡೆ ತಿರುಗಿದವು. ಗಡಿ ಬದಲಾಗಿಯೇ ಉಳಿಯಿತು, ಬದಲಿಸಿದ ಕಾರಣ ಹೋಗಿಬಿಟ್ಟಿತು!

ವಿಲಾಯತಿ ಹತ್ತಿ ಮಾತ್ರ ಹೋಗಲಿಲ್ಲ. ಧಾರವಾರ್ ಅಮೆರಿಕನ್‌ನಿಂದ ಆರಿಸಿ ತೆಗೆದದ್ದು ಗದಗ-1. ಗದಗ-1ನ್ನು ಕಾಂಬೋಡಿಯ ಹತ್ತಿಯ ಜೊತೆ ಕೂಡಿಸಿದಾಗ ಬಂದದ್ದು ಲಕ್ಷ್ಮಿ. ಆ ಲಕ್ಷ್ಮಿಯನ್ನು ತಾಯಾಗಿಟ್ಟುಕೊಂಡು ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರು 1972ರಲ್ಲಿ ವರಲಕ್ಷ್ಮಿ ತಳಿಯನ್ನು ತೆಗೆದರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಬೆಸೆದು ರೈತರ ಹೊಲಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್! ನ್ಯೂ ಆರ್ಲಿಯನ್ಸಿನ ಬೀಜದ ನೆತ್ತರು ಗದಗದ ಹೊಲದಲ್ಲಿ ಹೆಸರು ಬದಲಿಸುತ್ತ ಹರಿದು ಬಂದಿದೆ.

ಮೊನ್ನೆ ಮತ್ತೆ ಬಿನ್ನಿಪೇಟೆಗೆ ಹೋದೆ. ಜೇಬಿನಲ್ಲಿ ನವಲಗುಂದದ ಗೆಳೆಯ ಕಳಿಸಿದ್ದ ನಾಲ್ಕು ಹತ್ತಿಕಾಯಿ. ಅದೇ ಚಹಾದಂಗಡಿ, ಅದೇ ಕಟ್ಟೆ, ಅದೇ ಹಿರಿಯರು. ಒಂದನ್ನು ಅವರ ಅಂಗೈಗಿಟ್ಟೆ. ಅವರು ತುಪ್ಪಟದಿಂದ ಒಂದು ಚಿಟಿಕೆ ಎಳೆದುಕೊಂಡು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿದರು, ಒಂದರ ಮೇಲೊಂದಿಟ್ಟು ಮತ್ತೆ ಜಗ್ಗಿದರು. ಎಳೆಗಳು ಬಾಚಿದ ಕೂದಲಿನಂತೆ ಸಾಲಾದವು. ಅಂಗಿಯ ಕಪ್ಪು ಗುಂಡಿಯ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿದರು. ‘ಇಂಚು ದಾಟಿದೆ ಸಾರ್. ಅಪ್ಪ ಹಿಂಗೇ ನೋಡೋರು.’ ಆಮೇಲೆ ಕಾಳನ್ನು ಉಗುರಿನಿಂದ ಕೆರೆದು, ‘ನೋಡಿ, ರೋಮ ಬಿಡಲ್ಲ ಇದು’ ಎಂದರು.

‘ಯಾವ ಊರಿಂದು ಹೇಳಿ ಯಜಮಾನ್ರೇ?’ ಎಂದೆ.

‘ಹುಬ್ಬಳ್ಳಿ, ಗದಗ, ಆ ಕಡೇದೇ ಇರ್ಬೇಕು.’

‘ಅದಕ್ಕೂ ಹಿಂದೆ?’

ಅವರು ನನ್ನ ಮುಖವನ್ನೇ ನೋಡಿದರು. ಕಾಳನ್ನು ಅಂಗಿಯ ಜೇಬಿಗೆ ಹಾಕಿಕೊಂಡರು, ಕಟ್ಟೆಯ ಮೇಲೆ ಸರಿದು ಜಾಗ ಮಾಡಿದರು, ಅಂಗಡಿಯವನಿಗೆ ಎರಡು ಬೆರಳು ತೋರಿಸಿ ಚಹಾ ಹೇಳಿದರು, ರಸ್ತೆಯಾಚೆ ಆಡುತ್ತಿದ್ದ ಮೊಮ್ಮಗನಿಗೆ ಕೂಗು ಹಾಕಿದರು:

‘ಏ, ಬಾರೋ ಇಲ್ಲಿ. ನಿನ್ ಮುತ್ತಾತನ ಹತ್ತಿ ಎಲ್ಲಿಂದ ಬಂತು ಅಂತ ಇವ್ರು ಹೇಳ್ತಾರೆ, ಕೂತ್ಕೊಂಡು ಕೇಳು.’